ಮರುಭೂಮಿಯಲ್ಲೊಂದು ಕಾರ್ನರ್ ಸೈಟು

ನಮ್ಮವರು ಎಲ್ಲಿಗೆ ಹೋದರೂ ಒಂದು ಖಾಲಿ ಸೈಟು ಮಾಡಿಕೊಳ್ಳದೆ ನೆಮ್ಮದಿಯಿಂದ ಇರುವುದಿಲ್ಲ. ಮನೆ ಕಟ್ಟುತ್ತಾರಾ ಇಲ್ವಾ ಅನ್ನೋದು ಆಮೇಲಿನ ಮಾತು. ಅಮೆರಿಕದ ಅರಿಜೋನಾಗೆ ಬಂದರೂ ನಮ್ಮ ಯಜಮಾನರಿಗೆ ಈ ಚಟ ಬಿಡಲಿಲ್ಲ. ಫೀನಿಕ್ಸ್ ಸುತ್ತಮುತ್ತಲಿನ ರೇಟು ಕೇಳಿ ತಣ್ಣಗಾಗಿದ್ದವರು, ಒಂದು ರಾತ್ರಿ ಮೊಬೈಲ್ ನೋಡುತ್ತಾ ದಡಕ್ಕನೆ ಎದ್ದು ಕೂತರು.

“ಒಂದು ಎಕರೆ ಕಣೇ! ಐದಾರು ಸಾವಿರ ಡಾಲರ್ ಅಷ್ಟೇ. ಬ್ಯಾಂಕಿಗೆ ಹೋಗೋದೇ ಬೇಡ, ಮಾಲೀಕನೇ ಕಂತು ಮಾಡಿಕೊಡ್ತಾನಂತೆ.”

ಎಕರೆ ಅಂದರೆ 43,560 ಚದರಡಿ. ಬೆಂಗಳೂರಿನ 30x40 ಸೈಟು 36 ಆಗುತ್ತೆ. ಈ ಲೆಕ್ಕ ಹಾಕಿದ ಮೇಲೆ ಅವರನ್ನು ಹಿಡಿಯೋರು ಯಾರು?

ಓನರ್ ಫೈನಾನ್ಸಿಂಗ್ ಅಂದರೆ ಇಷ್ಟೇ. ಒಂದಿಷ್ಟು ಮುಂಗಡ, ಆಮೇಲೆ ಬಡ್ಡಿ ಸೇರಿಸಿ ತಿಂಗಳ ಕಂತು. ಕ್ರೆಡಿಟ್ ಸ್ಕೋರ್ ಯಾರೂ ಕೇಳಲ್ಲ. ಯಾಕೆ ಕೇಳಬೇಕು? ಇಂಥ ಎಷ್ಟೋ ಕರಾರಿನಲ್ಲಿ ಕೊನೆ ಕಂತು ಕಟ್ಟುವವರೆಗೂ ಜಾಗ ಮಾರಿದವನ ಹೆಸರಲ್ಲೇ ಇರುತ್ತೆ. ನಡುವೆ ಕೈಬಿಟ್ಟರೆ ಜಾಗ ಅವನಿಗೇ ವಾಪಸ್, ಕಟ್ಟಿದ ದುಡ್ಡಿಗೆ ಗೋವಿಂದ.

ತುಮಕೂರಿನಲ್ಲಿರುವ ನಮ್ಮಪ್ಪ ಗ್ರಾಮಲೆಕ್ಕಿಗರಾಗಿ ನಿವೃತ್ತರಾದವರು. ಫೋನಿನಲ್ಲೇ ತನಿಖೆ ಶುರುಮಾಡಿದರು.

“ಖಾತೆ?”

“ಇಲ್ಲಿ ಪಾರ್ಸೆಲ್ ನಂಬರ್ ಅಂತ ಇರುತ್ತಪ್ಪ. ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ, ಅವರ ದಾಖಲೆಯಲ್ಲಿ ನೋಡಬಹುದು.”

“ನೀರು?”

“ಟ್ಯಾಂಕಲ್ಲಿ ತುಂಬಿಸಿಕೊಂಡು ಬರಬೇಕಂತೆ.”

“ದಾರಿ?”

ಯಜಮಾನರು ಫೋನ್ ಕಿತ್ತುಕೊಂಡರು. “ಕಾರ್ನರ್ ಸೈಟು ಮಾವ! ಎರಡು ಕಡೆ ರೋಡು!”

ಆ ಎರಡು ರೋಡು ನೋಡೋಕೆ ಅಂತಲೇ ಶನಿವಾರ ಚಿತ್ರಾನ್ನ ಕಟ್ಟಿಕೊಂಡು ಹೊರಟೆವು. ಹೈವೇ 93ರಲ್ಲಿ ವಿಕಿಅಪ್, ಕಿಂಗ್‌ಮನ್ ದಾಟಿ ಇನ್ನೂ ಮುಂದೆ. ಮ್ಯಾಪಿನಲ್ಲಿ ರೋಡಿಗೆ ಚಂದದ ಹೆಸರಿತ್ತು. ನೆಲದ ಮೇಲೆ ಬರೀ ಕುರುಚಲು ಗಿಡ. 1960ರ ಸುಮಾರಿಗೆ ಈ ಕಡೆಯ ಮರುಭೂಮಿಯನ್ನೆಲ್ಲ ಕಾಗದದ ಮೇಲೆ ಚೌಕ ಚೌಕ ಹಾಕಿ, ಜಾಗ ಕಣ್ಣಲ್ಲೂ ನೋಡದವರಿಗೆ ಅಂಚೆಯಲ್ಲೇ ಮಾರಿದ್ದರು. ಮೋಸ ಜಾಸ್ತಿಯಾಗಿ 1968ರಲ್ಲಿ ಅಮೆರಿಕದ ಸಂಸತ್ತು ಅದಕ್ಕೇ ಅಂತ ಕಾನೂನು ತಂದಿತು. ಕಾನೂನು ಬಂತು, ರೋಡು ಮಾತ್ರ ಎಷ್ಟೋ ಕಡೆ ಇನ್ನೂ ಬಂದಿಲ್ಲ.

ಮಾರುವವನು ಕಳಿಸಿದ್ದ ಜಿಪಿಎಸ್ ಗುರುತು ಇನ್ನೂ ಅರ್ಧ ಮೈಲಿ ಇದೆ ಅನ್ನುವಾಗ ಕಾರು ಮರಳಲ್ಲಿ ಹೂತಿತು. ನಡೆದೇ ಹೋದೆವು. ಯಜಮಾನರು ದಿಕ್ಸೂಚಿ ಹಿಡಿದು ನೀರಿನ ಸಂಪ್ ಕಟ್ಟಿಸೋಕೆ ಅಂತ ಈಶಾನ್ಯ ಹುಡುಕಿದರು. ಅಲ್ಲೊಂದು ಜೋಶುವಾ ಮರ ನೆಟ್ಟಗೆ ನಿಂತಿತ್ತು. ಅದನ್ನು ಕೀಳುವ ಮುಂಚೆ ರಾಜ್ಯದ ಕೃಷಿ ಇಲಾಖೆಗೆ ತಿಳಿಸಬೇಕು. “ಇರಲಿ ಬಿಡು” ಅಂತ ಮೂಲೆಯ ಗೂಟ ನೋಡೋಕೆ ಕುಕ್ಕರಗಾಲಲ್ಲಿ ಕೂತರು. ಕೂತಿದ್ದು ಚೋಯಾ ಕಳ್ಳಿಯ ಮೇಲೆ.

ಚೋಯಾ ಮುಳ್ಳು ಕೈಯಲ್ಲಿ ಕೀಳೋಕೆ ಹೋದರೆ ಕೈಗೇ ಅಂಟಿಕೊಳ್ಳುತ್ತೆ. ಬಾಚಣಿಗೆ ತೂರಿಸಿ ಎಗರಿಸಬೇಕು. ನನ್ನ ಬ್ಯಾಗಿನಲ್ಲಿದ್ದ ಬಾಚಣಿಗೆಯಿಂದ, ಮಟಮಟ ಮಧ್ಯಾಹ್ನ, ಪರದೇಶದ ಬಯಲಲ್ಲಿ, ಕೈಹಿಡಿದ ಗಂಡನ ಹಿಂಭಾಗ ಬಾಚಿದೆ. ಸಪ್ತಪದಿಯಲ್ಲಿ ಇದು ಯಾವ ಹೆಜ್ಜೆಗೆ ಬರುತ್ತೋ ಪುರೋಹಿತರನ್ನೇ ಕೇಳಬೇಕು.

ಆಗ ಪಿಕಪ್ ಗಾಡಿಯ ಹಿಂದೆ ನೀರಿನ ಟ್ಯಾಂಕ್ ಇಟ್ಟುಕೊಂಡು ಒಬ್ಬ ಅಜ್ಜ ಬಂದ. ನಮ್ಮ ಕಾರಿಗೆ ಪಟ್ಟಿ ಕಟ್ಟಿ ಮರಳಿಂದ ಎಳೆದುಕೊಟ್ಟ. ಬಾವಿ ಕೊರೆಸಿದರೆ ನೂರಾರು ಅಡಿ, ಸೆಪ್ಟಿಕ್ ಟ್ಯಾಂಕಿಗೆ ಕೌಂಟಿ ಪರ್ಮಿಟ್, ಕರೆಂಟ್ ಕಂಬ ಎಳೆಸೋ ಖರ್ಚು ಜಾಗದ ಬೆಲೆ ಮೀರಿದರೂ ಮೀರಬಹುದು ಅಂತ ಒಂದೊಂದೇ ಹೇಳಿದ. ಯಜಮಾನರು ನಿಂತುಕೊಂಡೇ ಕೇಳಿದರು. ಕೂರುವ ಹಾಗಿರಲಿಲ್ಲ.

ರಾತ್ರಿ ಅಪ್ಪನಿಗೆ ವರದಿ ಒಪ್ಪಿಸಿದೆ.

“ಬೇಲಿ ಇಲ್ವಾ? ಯಾರಾದ್ರೂ ಒತ್ತುವರಿ ಮಾಡ್ತಾರೆ!”

“ಮನುಷ್ಯರೇ ಇಲ್ಲಪ್ಪ. ದನ ಬರುತ್ತೆ. ಇಲ್ಲಿ ದನ ಬಯಲಲ್ಲಿ ಎಲ್ಲಿ ಬೇಕಾದ್ರೂ ಮೇಯಬಹುದು. ಬೇಡ ಅಂದ್ರೆ ಜಾಗದವರೇ ಬೇಲಿ ಹಾಕಿಸಬೇಕಂತೆ. ಸೈಟ್ ತುಂಬ ಸಗಣಿ.”

ಆ ಕಡೆ ಒಂದು ಗಳಿಗೆ ಮಾತಿಲ್ಲ.

“ಸಗಣಿ ಇದ್ಯಾ? ಅಂದ್ರೆ ಹುಲ್ಲು ಬರುತ್ತೆ. ಹುಲ್ಲು ಬರುತ್ತೆ ಅಂದ್ರೆ ತೇವ ಇದೆ. ಅಳಿಯಂದ್ರಿಗೆ ಫೋನ್ ಕೊಡು, ಪಕ್ಕದ ಎಕರೆನೂ ಖಾಲಿ ಇದ್ಯಾ ಕೇಳ್ತೀನಿ.”