ಎದುರು ಬೆಂಚಿನಲ್ಲಿ ಕುಳಿತ ಮಾಷ್ಟ್ರು

ಮೊನ್ನೆ ನಮ್ಮ ಕಾಸರಗೋಡಿನ ಬದಿಯಡ್ಕ ಕಡೆ ಒಂದು ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟಕ್ಕೆ ಹೋಗಿದ್ದೆ. ಪಕ್ಕದಲ್ಲಿದ್ದ ಹುಡುಗ ಎದುರು ತಂಡದ ಕೋಚ್ ಕಡೆ ಕೈ ತೋರಿಸಿ, "ಅವರು ನಮ್ಮೂರಿನವರೇ, ಈಗ ಆ ಕಡೆ ಸೇರಿಕೊಂಡಿದ್ದಾರೆ" ಅಂದ. ನನಗೆ ಚುರುಕ್ ಅಂತು. ಇಪ್ಪತ್ತು ವರ್ಷದ ಹಿಂದೆ ಇದೇ ಮಾತನ್ನು ನಾನೂ ಆಡಿದ್ದೆ.

ನಮಗೆ ಆಟ ಕಲಿಸಿದ ಮಾಷ್ಟ್ರು ಶಾಲೆಯ ಹಿಂದಿನ ಗೋಡೆಗೆ ಚೆಂಡು ಹೊಡೆಸುತ್ತಿದ್ದರು. ವಾಪಸ್ ಬಂದದ್ದನ್ನು ಎರಡೂ ಕೈ ಜೋಡಿಸಿ ಎತ್ತಬೇಕು. ದಿನಕ್ಕೆ ನೂರು ಸಲ. ಮುಂಗೈ ಕೆಂಪಾಗಿ ಉರಿಯುತ್ತಿತ್ತು. "ಕೈ ಬೀಸ್ಬೇಡ, ಮೊಣಕಾಲು ಬಗ್ಗಿಸು, ಚೆಂಡಿನ ಅಡಿಗೆ ಹೋಗು" ಎಂದು ಹಿಂದಿನಿಂದ ಕೂಗುತ್ತಿದ್ದರು. ಆಮೇಲೆ ಅವರು ತಲಪಾಡಿಯ ಕೇರಳ-ಕರ್ನಾಟಕ ಗಡಿಯಾಚೆಯ ಒಂದು ತಂಡಕ್ಕೆ ಕಲಿಸಲು ಹೋದರು. ಮರುವರ್ಷ ಅದೇ ತಂಡ ನಮ್ಮನ್ನು ಸೋಲಿಸಿತು. ಆಟ ಮುಗಿದ ಮೇಲೆ ಮಾಷ್ಟ್ರು ನನ್ನ ಹತ್ತಿರ ಬಂದು, "ಬ್ಲಾಕಿಗೆ ಹಾರುವಾಗ ನಿನ್ನ ಎಡಗಾಲು ಬೇಗ ಏಳ್ತದೆ, ನೋಡ್ಕೋ" ಅಂದರು. ನಾನು ಮುಖ ತಿರುಗಿಸಿದೆ.

ಚೀನಾದ ವಾಲಿಬಾಲ್ ಆಟಗಾರ್ತಿ ಲ್ಯಾಂಗ್ ಪಿಂಗ್ ಅವರ ಬಗ್ಗೆ ಓದುವಾಗೆಲ್ಲ ನನಗೆ ಆ ಸಂಜೆ ನೆನಪಾಗುತ್ತದೆ. ಅವರ ಸ್ಮ್ಯಾಶ್ ನೋಡಿ ಜನ 'ಕಬ್ಬಿಣದ ಸುತ್ತಿಗೆ' ಅಂತ ಹೆಸರಿಟ್ಟಿದ್ದರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಮೆರಿಕವನ್ನು ಅದರ ಮನೆಯಂಗಳದಲ್ಲೇ ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿದ್ದರು. ಆಟ ಬಿಟ್ಟ ಮೇಲೆ ಓದಲು ಹೋದದ್ದು ಅದೇ ಅಮೆರಿಕಕ್ಕೆ. 1995ರಲ್ಲಿ ಚೀನಾಕ್ಕೆ ಮರಳಿ ಮಹಿಳಾ ತಂಡಕ್ಕೆ ಕೋಚ್ ಆದರು. ಮರುವರ್ಷ ಅಟ್ಲಾಂಟಾದಲ್ಲಿ ಬೆಳ್ಳಿ ಬಂತು. ನಂತರ ಇಟಲಿಯ ಕ್ಲಬ್ಬುಗಳು. 2005ರಲ್ಲಿ ಅಮೆರಿಕ ತಂಡದ ಜವಾಬ್ದಾರಿ.

ಆಮೇಲೆ 2008 ಬಂತು. ಒಲಿಂಪಿಕ್ಸ್ ನಡೆದದ್ದು ಬೀಜಿಂಗ್‌ನಲ್ಲಿ. ಗುಂಪು ಹಂತದಲ್ಲಿ ಚೀನಾ ಮತ್ತು ಅಮೆರಿಕ ಎದುರುಬದುರು. ಸುತ್ತ ಕೂತವರೆಲ್ಲ ಇವರ ಸ್ಮ್ಯಾಶಿಗೆ ಕೂಗಿ ಬೆಳೆದ ಜನ, ಇವರು ಮಾತ್ರ ಅಮೆರಿಕದ ಬೆಂಚಿನಲ್ಲಿ. ಪಂದ್ಯ ಐದು ಸೆಟ್ ನಡೆದು ಅಮೆರಿಕ 3-2ರಿಂದ ಗೆದ್ದಿತು. ಆ ಕ್ಷಣ ಅವರ ಮನಸ್ಸು ಹೇಗಿತ್ತೋ! ಅಮೆರಿಕ ಕೊನೆಗೆ ಬೆಳ್ಳಿ ಪಡೆಯಿತು, ಚೀನಾ ಕಂಚು.

ಇದನ್ನು ದ್ರೋಹ ಅನ್ನುವವರು ಮುಂದಿನದ್ದನ್ನೂ ನೋಡಬೇಕು. 2012ರ ಲಂಡನ್‌ನಲ್ಲಿ ಚೀನಾ ಕ್ವಾರ್ಟರ್ ಫೈನಲ್‌ನಲ್ಲೇ ಸೋತಿತು. 2013ರಲ್ಲಿ ಲ್ಯಾಂಗ್ ಪಿಂಗ್ ಮತ್ತೆ ಊರಿಗೆ ಬಂದರು. ಝು ಟಿಂಗ್‌ನಂಥ ಎಳೆಯ ಆಟಗಾರ್ತಿಯರನ್ನು ಕಟ್ಟಿಕೊಂಡು 2016ರ ರಿಯೋಗೆ ಹೋದರು. ಗುಂಪು ಹಂತದ ಐದರಲ್ಲಿ ಮೂರು ಸೋಲು. ಕ್ವಾರ್ಟರ್ ಫೈನಲ್‌ನಲ್ಲಿ ಸಿಕ್ಕಿದ್ದು ಬ್ರೆಜಿಲ್. ಹಿಂದಿನ ಎರಡೂ ಒಲಿಂಪಿಕ್ಸ್ ಗೆದ್ದ ತಂಡ, ಅವರದೇ ನೆಲ. ಮೊದಲ ಸೆಟ್ ಸೋತು, ಕೊನೆಗೆ 3-2ರಿಂದ ಗೆದ್ದರು. ಫೈನಲ್‌ನಲ್ಲಿ ಸರ್ಬಿಯಾವನ್ನು 3-1ರಿಂದ ಸೋಲಿಸಿ ಚಿನ್ನ! ಆಟಗಾರ್ತಿಯಾಗಿಯೂ ಕೋಚ್ ಆಗಿಯೂ ವಾಲಿಬಾಲ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದವರಲ್ಲಿ ಇವರೇ ಮೊದಲಿಗರು. ಟೋಕಿಯೋದಲ್ಲಿ ತಂಡ ಗುಂಪು ಹಂತದಲ್ಲೇ ಹೊರಬಿತ್ತು, ಅವರು ಹುದ್ದೆ ಬಿಟ್ಟರು. ಅದೂ ನಿಜ. ಆದರೆ ಅಮೆರಿಕ, ಇಟಲಿಯಲ್ಲಿ ಕಳೆದ ಅಷ್ಟು ವರ್ಷಗಳ ಅನುಭವ ಇಲ್ಲದೆ ರಿಯೋದ ಚಿನ್ನ ಬರುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ನಮ್ಮ ಪಕ್ಕದ ಕಣ್ಣೂರು ಜಿಲ್ಲೆಯ ಪೇರಾವೂರಿನ ವಾಲಿಬಾಲ್ ಆಟಗಾರ ಜಿಮ್ಮಿ ಜಾರ್ಜ್ ಅವರನ್ನೇ ನೋಡಿ. ಅಬುಧಾಬಿಯಲ್ಲಿ ಆಡಿದರು, ಇಟಲಿಯಲ್ಲಿ ಆಡಿದರು. 1986ರ ಸಿಯೋಲ್ ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ ಕಂಚು ಬಂದಾಗ ತಂಡದಲ್ಲಿದ್ದರು. ಮರುವರ್ಷ ಇಟಲಿಯಲ್ಲೇ ಕಾರು ಅಪಘಾತದಲ್ಲಿ ತೀರಿಕೊಂಡರು. ಅವರು ಹೊರದೇಶದಲ್ಲಿ ಆಡಿದ್ದನ್ನು ನಾವು ಈಗಲೂ ಹೆಮ್ಮೆಯಿಂದ ಹೇಳುತ್ತೇವೆ. ಹೊರಗೆ ಹೋಗಿ ಆಡುವವನು ಹೆಮ್ಮೆ, ಹೊರಗೆ ಹೋಗಿ ಕಲಿಸುವವನು ದ್ರೋಹಿ. ಇದು ಯಾವ ನ್ಯಾಯ?

ಕಾಸರಗೋಡಿನವರಾದ ನಾವೇ ಹೀಗೆ ಮಾತಾಡಿದರೆ ನನಗೆ ಜಾಸ್ತಿ ಬೇಸರ. ಮನೆಯಲ್ಲಿ ಒಂದು ಭಾಷೆ, ಬಸ್ಸಿನಲ್ಲಿ ಇನ್ನೊಂದು. ಆಸ್ಪತ್ರೆ, ಕಾಲೇಜು, ಮದುವೆ ಸಾಮಾನು, ಎಲ್ಲಕ್ಕೂ ತಲಪಾಡಿ ದಾಟಿ ಮಂಗಳೂರಿಗೆ ಹೋಗುವವರು ನಾವು. ಮಾಷ್ಟ್ರು ದಾಟಿದಾಗ ಮಾತ್ರ ಆ ಗಡಿ ನಮಗೆ ಕಂಡಿತು, ಅಲ್ವಾ?

ಮಾಷ್ಟ್ರು ಈಗ ಉಪ್ಪಳದ ಹತ್ತಿರ ಮಗಳ ಮನೆಯಲ್ಲಿದ್ದಾರೆ. ಮೊಣಕಾಲು ನೋವಂತೆ. ಈ ಭಾನುವಾರ ನೋಡಲು ಹೋಗುತ್ತಿದ್ದೇನೆ. ಅವರ ಕೈಯಲ್ಲಿ ಕಲಿತವರು ಯಾರಾದರೂ ಬರುವುದಾದರೆ ಫೋನ್ ಮಾಡಿ, ಜೀಪಿನಲ್ಲಿ ಇನ್ನೂ ನಾಲ್ಕು ಜನಕ್ಕೆ ಜಾಗ ಇದೆ.