ಸೋಲೋದಕ್ಕೂ ಹೊಸ ಸ್ಟೇಡಿಯಂ ಬೇಕಂತೆ

ಇದು 2024ರ ಆಗಸ್ಟ್ ಮೊದಲ ವಾರದ ಮಾತು. ನಮ್ಮೂರ ಬೇಸ್‌ಬಾಲ್ ತಂಡ ಶಿಕಾಗೋ ವೈಟ್ ಸಾಕ್ಸ್ ಕೊನೆಗೂ ಒಂದು ಪಂದ್ಯ ಗೆದ್ದಿದೆ. 2024ರ ಜುಲೈ 10ರಿಂದ ಆಗಸ್ಟ್ 5ರ ತನಕ ಸಾಲಾಗಿ 21 ಸೋಲು, ಆಮೇಲೆ ಆಗಸ್ಟ್ 6ರ ರಾತ್ರಿ ಓಕ್ಲೆಂಡ್‌ನಲ್ಲಿ 5–1ರ ಗೆಲುವು. 1988ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ಬರೆದಿದ್ದ ಅಮೆರಿಕನ್ ಲೀಗ್ (ಮೇಜರ್ ಲೀಗಿನ ಎರಡು ಭಾಗಗಳಲ್ಲಿ ನಾವಿರುವುದು) ದಾಖಲೆಯೂ ಸತತ 21 ಸೋಲಿನದ್ದೇ. ಇನ್ನೊಂದೇ ಒಂದು ಸೋತಿದ್ದರೆ ಆ ದಾಖಲೆ ಪೂರ್ತಿ ನಮ್ಮದಾಗುತ್ತಿತ್ತು. ಅದನ್ನೂ ದಡ ಮುಟ್ಟಿಸಲಿಲ್ಲ ಪುಣ್ಯಾತ್ಮರು.

ಬೇಸ್‌ಬಾಲ್‌ನಲ್ಲಿ ವರ್ಷಕ್ಕೆ 162 ಪಂದ್ಯ. ಸಾಮಾನ್ಯವಾಗಿ ಎಂಥಾ ದರಿದ್ರ ತಂಡವೂ ಐವತ್ತು–ಅರವತ್ತು ಗೆದ್ದುಬಿಡುತ್ತದೆ, ಯಾಕೆಂದರೆ ಇಷ್ಟು ಪಂದ್ಯ ಆಡಿದ ಮೇಲೆ ಎದುರಿಗಿರುವವರಿಗೂ ಒಂದು ದಿನ ಹೊಟ್ಟೆನೋವು ಬಂದೇ ಬರುತ್ತದೆ. ನಮ್ಮ ಲೆಕ್ಕ ಈಗ 28 ಗೆಲುವು, 88 ಸೋಲು. ಬೆಂಗಳೂರಿನಿಂದ ಇಲ್ಲಿಗೆ ಬಂದ ನಮ್ಮಂಥವರಿಗೆ ಸೋಲು ಹೊಸದಲ್ಲ ಬಿಡಿ. ಆರ್‌ಸಿಬಿ ಸಾಕಿ ಬೆಳೆಸಿದ ಎದೆ ಇದು. ಆದರೆ ಆರ್‌ಸಿಬಿ ಈ ವರ್ಷವೂ ಮೊದಲ ಎಂಟರಲ್ಲಿ ಏಳು ಸೋತು, ಆಮೇಲೆ ಆರು ಸಾಲಾಗಿ ಗೆದ್ದು, ಆಸೆ ಹುಟ್ಟಿಸಿ ಕೊಂದಿತು. ವೈಟ್ ಸಾಕ್ಸ್ ಅಷ್ಟು ಕ್ರೂರಿ ಅಲ್ಲ. ಆಸೆಯನ್ನೇ ಹುಟ್ಟಿಸುವುದಿಲ್ಲ.

ಲೈನ್‌ಅಪ್ ನೋಡೋಣ. ಲೆಫ್ಟ್ ಫೀಲ್ಡ್‌ನಲ್ಲಿ ಆಂಡ್ರ್ಯೂ ಬೆನಿಂಟೆಂಡಿ, ಐದು ವರ್ಷಕ್ಕೆ 7.5 ಕೋಟಿ ಡಾಲರ್. ನೂರಿಪ್ಪತ್ತಕ್ಕೂ ಹೆಚ್ಚು ವರ್ಷದ ಈ ಫ್ರಾಂಚೈಸಿಯ ಇತಿಹಾಸದಲ್ಲೇ ಇದು ದೊಡ್ಡ ಗುತ್ತಿಗೆ. ಮೇಜರ್ ಲೀಗಿನ ಮೂವತ್ತು ತಂಡಗಳ ಪೈಕಿ ಒಬ್ಬನೇ ಒಬ್ಬ ಆಟಗಾರನಿಗೂ ಹತ್ತು ಕೋಟಿ ಡಾಲರಿನ ಗುತ್ತಿಗೆ ಕೊಡದವು ಎರಡೇ: ಒಂದು ನಾವು, ಇನ್ನೊಂದು ಓಕ್ಲೆಂಡ್. ಅಂದರೆ ಆಗಸ್ಟ್ 6ರಂದು ನಾವು ಗೆದ್ದದ್ದು ಕಂಜೂಸ್ ಕಪ್ ಫೈನಲ್.

ಬ್ಯಾಟರಿನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಸ್ಥಾನದಲ್ಲಿ ಜುಲೈ ತನಕ ಮಾರ್ಟಿನ್ ಮಾಲ್ಡೊನಾಡೊ ಇದ್ದ. ಬ್ಯಾಟಿಂಗ್ ಸರಾಸರಿ .119, ಅಂದರೆ ನೂರು ಸಲ ಬ್ಯಾಟು ಬೀಸಲು ನಿಂತರೆ ಹನ್ನೆರಡು ಹಿಟ್. ಹಿಂದೆ ಚೆಂಡು ಎಸೆಯುವ ಪಿಚರ್‌ಗಳೂ ಬ್ಯಾಟ್ ಹಿಡಿಯಬೇಕಾಗಿದ್ದ ಕಾಲದಲ್ಲಿ ಅವರೂ ಹೆಚ್ಚುಕಡಿಮೆ ಇಷ್ಟೇ ಹೊಡೆಯುತ್ತಿದ್ದರು. ಅದು ನೋಡಲಾಗದೆ, ಅವರ ಬದಲು ಬೇರೊಬ್ಬ ಬ್ಯಾಟ್ ಮಾಡಲಿ ಅಂತ ಲೀಗು ನಿಯಮವನ್ನೇ ಬದಲಿಸಿತು.

ಇನ್ನು ಯಾರಾದರೂ ತಪ್ಪಿ ಚೆನ್ನಾಗಿ ಆಡಿದರೆ ಅವರನ್ನು ಮಾರುತ್ತಾರೆ. ಕೊರಿಯಾ ಲೀಗಿನಲ್ಲಿ ವರ್ಷದ ಶ್ರೇಷ್ಠ ಆಟಗಾರನಾಗಿ ಬಂದಿದ್ದ ಪಿಚರ್ ಎರಿಕ್ ಫೆಡ್ಡೀ ಇಲ್ಲೂ ಚೆನ್ನಾಗಿ ಎಸೆದ. ಜುಲೈ 29ರಂದು ಅವನು, ಟಾಮಿ ಫಾಮ್, ಮೈಕಲ್ ಕೋಪೆಕ್ ಮೂವರೂ ಒಂದೇ ವ್ಯಾಪಾರದಲ್ಲಿ ಹೋದರು. ಉಳಿದವರು ಯಾಕೆ ಉಳಿದರು ಅನ್ನೋದನ್ನು ಬಾಯಿಬಿಟ್ಟು ಹೇಳಬೇಕಿಲ್ಲ. (ನಮ್ಮ ಒಳ್ಳೆಯ ಪಿಚರ್ ಗ್ಯಾರೆಟ್ ಕ್ರೋಶೆಗೆ ಈ ಮಾತು ಅನ್ವಯಿಸುವುದಿಲ್ಲ. ಅವನು ಇಲ್ಲೇಕಿದ್ದಾನೋ ಅವನಿಗೇ ಗೊತ್ತು.)

ಸೋಲೋದಕ್ಕೂ ಒಂದು ಕಲೆ ಬೇಕು. ಮೇ 23ರ ರಾತ್ರಿ ನೆನಪಿಸಿಕೊಳ್ಳಿ. ಓರಿಯೋಲ್ಸ್ ವಿರುದ್ಧ ಒಂಬತ್ತನೇ, ಅಂದರೆ ಕೊನೆಯ ಇನಿಂಗ್ಸ್, ಅವರಿಗೆ 8, ನಮಗೆ 6, ಮೂರು ಔಟಾದರೆ ಮುಗಿಯಿತು, ಆಗಿರುವುದು ಒಬ್ಬನೇ, ನಮ್ಮವರಿಬ್ಬರು ಬೇಸಿನ ಮೇಲೆ. ಬೆನಿಂಟೆಂಡಿ ಹೊಡೆದ ಚೆಂಡು ಇನ್‌ಫೀಲ್ಡಿನಲ್ಲೇ ಮುಗಿಲಿಗೇರಿತು. ಇಂಥ ಹೊಡೆತಕ್ಕೆ ಚೆಂಡು ಗಾಳಿಯಲ್ಲಿರುವಾಗಲೇ ಬ್ಯಾಟರ್ ಔಟ್, ಅದು ನಿಯಮ. ಸರಿ, ಇನ್ನೂ ಒಂದು ಔಟ್ ಬಾಕಿ ಇದೆಯಲ್ಲ? ಇಲ್ಲ. ಎರಡನೇ ಬೇಸಿನತ್ತ ಸುಮ್ಮನೆ ವಾಪಸ್ಸಾಗುತ್ತಿದ್ದ ಆಂಡ್ರ್ಯೂ ವಾನ್, ಕ್ಯಾಚ್ ಹಿಡಿಯಲು ಬರುತ್ತಿದ್ದ ಫೀಲ್ಡರಿನ ದಾರಿಗೆ ಅಡ್ಡ ಬಂದ ಅಂತ ಅಂಪೈರ್ ಅವನನ್ನೂ ಔಟ್ ಕೊಟ್ಟರು. ಫೀಲ್ಡರ್ ಆರಾಮಾಗಿ ಕ್ಯಾಚ್ ಹಿಡಿದಿದ್ದ. ಹೊಡೆದವನೂ ಔಟ್, ಹಿಂತಿರುಗಿ ನಡೆದವನೂ ಔಟ್, ಪಂದ್ಯ ಖಲಾಸ್. ಬೇರೆ ತಂಡಗಳು ಓಡಿ ಔಟಾಗುತ್ತವೆ. ನಾವು ನಿಂತ ಜಾಗಕ್ಕೆ ಮರಳಿ ಔಟಾಗುತ್ತೇವೆ.

ಇಷ್ಟು ಸೋತರೆ ಮುಂದಿನ ವರ್ಷ ಹೊಸ ಹುಡುಗರ ಆಯ್ಕೆಯಲ್ಲಾದರೂ ಮೊದಲ ಸರದಿ ಸಿಗಬೇಕಲ್ಲವೇ ಅಂತ ಕೇಳಬೇಡಿ. ಆ ಆಯ್ಕೆಯ ಮೊದಲ ಸರದಿಗಳನ್ನು ಹಂಚುವ ಡ್ರಾಫ್ಟ್ ಲಾಟರಿಯಲ್ಲಿ ದೊಡ್ಡ ಊರಿನ ಶ್ರೀಮಂತ ತಂಡಗಳಿಗೆ ಸತತ ಎರಡು ವರ್ಷ ಪಾಲಿಲ್ಲ ಅನ್ನೋ ನಿಯಮ ಇದೆ. ನಮ್ಮ ಪಾಲು ಈ ವರ್ಷವೇ ಮುಗಿದಿದೆ. ಆದ್ದರಿಂದ ಕಟ್ಟಕಡೆಯವರಾದರೂ 2025ರಲ್ಲಿ ಹತ್ತಕ್ಕಿಂತ ಮೇಲಿನ ಸರದಿ ನಮಗಿಲ್ಲ. ಆಟದಲ್ಲಿ ಬಡವರು, ಕಾಗದದಲ್ಲಿ ಶ್ರೀಮಂತರು. ರೇಷನ್ ಕಾರ್ಡ್ ರದ್ದು.

ಈಗ ವಿಷಯಕ್ಕೆ ಬರೋಣ. ಇಂಥ ವರ್ಷದಲ್ಲೇ ಮಾಲೀಕ ಜೆರ್ರಿ ರೈನ್ಸ್‌ಡಾರ್ಫ್ ಸಾಹೇಬರಿಗೆ ಹೊಸ ಸ್ಟೇಡಿಯಂ ಬೇಕಾಗಿದೆ. ಶಿಕಾಗೋದ ಸೌತ್ ಲೂಪ್ ಬಡಾವಣೆಯ ‘ದಿ 78’ ಎಂಬ ಖಾಲಿ ಜಾಗದಲ್ಲಿ, ಸುಮಾರು ನೂರು ಕೋಟಿ ಡಾಲರ್ ಸಾರ್ವಜನಿಕರ ದುಡ್ಡಿನಲ್ಲಿ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಆದರೆ ಅವಳು ಹೊಸ ನೆಲಕ್ಕೆ ಊರವರ ಹತ್ತಿರ ಚಂದಾ ಎತ್ತಲಿಲ್ಲ.

ಈಗಿನ ಸ್ಟೇಡಿಯಮ್ಮೂ ಜನರ ದುಡ್ಡಿನದ್ದೇ. 1988ರಲ್ಲಿ ಇದೇ ಸಾಹೇಬರು ‘ಕೊಡದಿದ್ದರೆ ಫ್ಲಾರಿಡಾಕ್ಕೆ ಹೋಗ್ತೀವಿ’ ಅಂದರು. ಜೂನ್ 30ರ ನಡುರಾತ್ರಿಗೆ ನಮ್ಮ ಇಲಿನಾಯ್ ರಾಜ್ಯದ ಶಾಸನಸಭೆಯ ಗಡುವು ಮುಗಿಯುತ್ತಿತ್ತು, ಮತ ಸಾಲುತ್ತಿರಲಿಲ್ಲ. ಸಭೆಯ ಗಡಿಯಾರವನ್ನೇ ನಿಲ್ಲಿಸಿ, ಹನ್ನೆರಡು ಹೊಡೆದೇ ಇಲ್ಲ ಎಂದುಕೊಂಡು ಮಸೂದೆ ಪಾಸು ಮಾಡಿದರು. 1991ರಲ್ಲಿ ಬಾಗಿಲು ತೆರೆದ ಆ ಕಟ್ಟಡ ಈಗ ಹಳತಾಯಿತಂತೆ. ದುಡ್ಡು ಕೊಟ್ಟು ಅದಕ್ಕೆ ತನ್ನ ಹೆಸರಿಡಿಸಿಕೊಂಡ ಸಾಲದ ಕಂಪನಿಯ ಲಾಂಛನ, ಕೆಳಮುಖವಾದ ಒಂದು ಕೆಂಪು ಬಾಣ. ಬಡ್ಡಿದರ ಇಳಿಯುತ್ತದೆ ಅನ್ನೋ ಅರ್ಥದಲ್ಲಿ ಬರೆದದ್ದಿರಬೇಕು. ಸ್ಟೇಡಿಯಮ್ಮಿನ ಮೇಲೆ ಅದನ್ನು ನೋಡಿದಾಗ ತಂಡದ ವರದಿಪಟ್ಟಿ ಅನ್ನಿಸುತ್ತದೆ.

ಹಾಗಂತ ಆಡಳಿತ ಕೈಕಟ್ಟಿ ಕೂತಿಲ್ಲ. ಈ ವರ್ಷ ಇಡೀ ದೇಶ ಮಾತಾಡಿದ ಒಂದು ಸಾಧನೆ ಸ್ಟೇಡಿಯಮ್ಮಿನೊಳಗೇ ಆಗಿದೆ: ಕ್ಯಾಂಪ್‌ಫೈರ್ ಮಿಲ್ಕ್‌ಶೇಕ್. ಚಾಕೊಲೇಟು, ಬಿಸ್ಕತ್ತು, ಮೇಲೆ ಸುಟ್ಟ ಮಾರ್ಷ್‌ಮ್ಯಾಲೋ. ನಮ್ಮ ಲೈನ್‌ಅಪ್ಪಿನಲ್ಲಿ ನಂಬಿಕೊಂಡು ಮುಂದೆ ಕಳಿಸಬಹುದಾದದ್ದು ಅದೊಂದೇ. ಮ್ಯಾನೇಜರ್ ಪೆಡ್ರೊ ಗ್ರಿಫೋಲ್ ಅದನ್ನು ಮೂರನೇ ಕ್ರಮಾಂಕದಲ್ಲಿ ಆಡಿಸಿದರೆ ಯಾರೂ ಆಕ್ಷೇಪಿಸಲಿಕ್ಕಿಲ್ಲ.

ಇನ್ನು 46 ಪಂದ್ಯ ಬಾಕಿ. 14 ಗೆದ್ದರೆ 1962ರ ನ್ಯೂಯಾರ್ಕ್ ಮೆಟ್ಸ್‌ನ 120 ಸೋಲಿನ ದಾಖಲೆಗೆ (1900ರಿಂದ ಈಚಿನದ್ದು) ಸಮ. ಹದಿಮೂರಕ್ಕೇ ನಿಂತರೆ ಚರಿತ್ರೆ ನಮ್ಮದು. ಮುಂದಿನ ವಾರ ನ್ಯೂಯಾರ್ಕ್ ಯಾಂಕೀಸ್ ಇಲ್ಲಿಗೆ ಬರುತ್ತಾರೆ, ಅವರ ಆರನ್ ಜಡ್ಜ್ 300ನೇ ಹೋಮ್ ರನ್ನಿಗೆ (ನಮ್ಮ ಸಿಕ್ಸರಿನಂಥದ್ದು) ಕೈಯಳತೆಯಲ್ಲಿದ್ದಾನೆ. ನಮ್ಮ ಪಿಚರ್‌ಗಳ ಸಹಕಾರದ ಬಗ್ಗೆ ಅನುಮಾನ ಬೇಡ. ಟಿಕೆಟ್ ತೆಗೆದಾಗಿದೆ. ಸ್ಕೋರ್‌ಬೋರ್ಡಿನಿಂದ ಪಟಾಕಿ ಮಾತ್ರ ಹಾರುವುದಿಲ್ಲ, ಅದು ನಮ್ಮವರ ಹೋಮ್ ರನ್ನಿಗೆ ಮೀಸಲು.