ನೀರು ಆಳವಾಗಿದೆ

ನಮ್ಮ ಹೊಂಡಕ್ಕೆ ಈ ವರ್ಷವೂ ಹೊಸ ಬೋರ್ಡು ಬಂದಿದೆ. ಹಸಿರು ಬಣ್ಣ, ಮೇಲೆ ಬಿಳಿ ಅಕ್ಷರ. 'ಎಚ್ಚರಿಕೆ! ನೀರು ಆಳವಾಗಿದೆ. ಈಜುವುದನ್ನು ನಿಷೇದಿಸಲಾಗಿದೆ. ಮೀರಿದವರ ಮೇಲೆ ಕ್ರಮ ಜರುಗಿಸಲಾಗುವುದು.' ನಿಷೇಧದ 'ಧ'ಕ್ಕೆ ಹೊಟ್ಟೆ ಸೀಳುವುದನ್ನು ಪೇಂಟರ್ ಮರೆತಿದ್ದಾನೆ. ಹೋದ ವರ್ಷದ ಬೋರ್ಡಿನಲ್ಲೂ ಮರೆತಿದ್ದ. ಹಳೇದನ್ನೇ ನೋಡಿಕೊಂಡು ಬರೆದಿರಬೇಕು. ಅಷ್ಟರ ಮಟ್ಟಿಗೆ ಪರಂಪರೆ ಉಳಿದಿದೆ.

ಮೊನ್ನೆ ಹೋದಾಗ ಬೋರ್ಡಿನ ಕಂಬಕ್ಕೆ ಒಂದು ಮೇಕೆ ಬೆನ್ನು ಉಜ್ಜಿಕೊಳ್ಳುತ್ತಿತ್ತು. ಇನ್ನೆರಡು ಹೊಂಡದ ನಟ್ಟನಡುವೆ ನಿಂತು ಬಳ್ಳಾರಿ ಜಾಲಿಯ ಕಾಯಿ ಮೇಯುತ್ತಿದ್ದವು. ನಾವು ಚಿಕ್ಕವರಿದ್ದಾಗ ಆ ಜಾಗದಲ್ಲಿ ಯಾರ ಕಾಲಿಗೂ ನೆಲ ಸಿಕ್ಕಿರಲಿಲ್ಲ. ಎಚ್ಚರಿಕೆ ಮೀರಿ ಅಷ್ಟು ಆಳಕ್ಕೆ ಇಳಿದ ಮೇಕೆಗಳ ಮೇಲೆ ಇವತ್ತಿನವರೆಗೂ ಯಾವ ಕ್ರಮವೂ ಜರುಗಿಲ್ಲ.

ಬೋರ್ಡು ಹಾಕಿಸಿದವರು ಸಂಬಂಧಪಟ್ಟವರು. ಸಂಬಂಧಪಟ್ಟವರು ಅಂದರೆ ಯಾರು ಅಂತ ನನ್ನನ್ನು ಕೇಳಬೇಡಿ. ನಾನು ನಾಲ್ಕು ಬಾಗಿಲಿಗೆ ಹೋಗಿ ಕೇಳಿದ್ದೇನೆ. ನಾಲ್ಕೂ ಕಡೆ ತಮಗೆ ಸಂಬಂಧವಿಲ್ಲ ಅಂದರು.

ಚಿತ್ರದುರ್ಗದಲ್ಲಿ ಹುಟ್ಟಿದವನಿಗೆ ಹೊಂಡ ಅಂದರೆ ಗುಂಡಿಯಲ್ಲ. ಕಲ್ಲು ಕಟ್ಟಿದ, ಮೆಟ್ಟಿಲು ಇಳಿದ, ಹೆಸರಿಟ್ಟು ಕರೆಯುವ ನೀರು ಅದು. ಕೋಟೆ ಹತ್ತಿದವರಿಗೆಲ್ಲ ಗೈಡುಗಳು ಈ ಕತೆ ಹೇಳಿಯೇ ಹೇಳುತ್ತಾರೆ. ಮಳೆ ಬಂದರೆ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬುತ್ತದೆ. ಅದು ಕೋಡಿ ಬಿದ್ದರೆ ನೀರು ಅಕ್ಕತಂಗಿ ಹೊಂಡಕ್ಕೆ. ಅಲ್ಲಿಂದ ಇಳಿದು ಸಿಹಿನೀರು ಹೊಂಡಕ್ಕೆ. ಅದೂ ತುಂಬಿದರೆ ಪೇಟೆಯ ಸಂತೆ ಹೊಂಡಕ್ಕೆ. ಮೋಟಾರಿಲ್ಲ, ಪೈಪಿಲ್ಲ, ವಾಲ್ವ್ ತಿರುಗಿಸುವವನನ್ನು ಕಾಯುವ ಕೆಲಸವಿಲ್ಲ. ಬಂಡೆ ಮೇಲೆ ಬಿದ್ದ ಮಳೆ ಯಾವ ಕಡೆ ಹೋಗುತ್ತದೆ ಅಂತ ಪಾಳೇಗಾರರಿಗೆ ಗೊತ್ತಿತ್ತು, ಅಷ್ಟೇ. ಹೊರಗಿನಿಂದ ಬಂದ ಇಂಜಿನಿಯರಿಂಗ್ ಹುಡುಗರು ಇದನ್ನು ನೋಡಿ 'ವಾವ್' ಅಂತಾರೆ. ಗೈಡಿಗೂ ಖುಷಿಯಾಗುತ್ತದೆ. ಆಮೇಲೆ ಅವನು ಮನೆಗೆ ಹೋಗಿ, ನಲ್ಲಿ ನೀರು ಇವತ್ತು ಬಿಡುತ್ತಾರೋ ನಾಳೆ ಬಿಡುತ್ತಾರೋ ಅಂತ ಪಕ್ಕದ ಮನೆಯವರನ್ನು ಕೇಳುತ್ತಾನೆ.

ನಮ್ಮದು ಈ ಪಟ್ಟಿಯಲ್ಲಿ ಇಲ್ಲದ ಹೊಂಡ. ಪಠ್ಯಪುಸ್ತಕಕ್ಕೆ ಬರುವಷ್ಟು ದೊಡ್ಡದಲ್ಲ. ಗುಡ್ಡದ ಬುಡದಲ್ಲಿ, ಊರು ಮುಗಿಯುವ ಕಡೆ ಇತ್ತು. ಬೇಸಿಗೆ ರಜೆಯಲ್ಲಿ ಬೆಳಗ್ಗೆ ರೊಟ್ಟಿ ತಿಂದು ಹೋದರೆ ಮತ್ತೆ ಹೊಟ್ಟೆ ಹಸಿಯುವವರೆಗೂ ನಾವು ಅಲ್ಲೇ.

ಈಜು ಕಲಿಸುತ್ತಿದ್ದವನು ಗಾರೆ ಕೆಲಸದ ಮಾವ. ಯಾರಿಗೆ ಮಾವ ಅಂತ ಗೊತ್ತಿಲ್ಲ, ಎಲ್ಲರೂ ಮಾವ ಅಂತಿದ್ದೆವು. ಮೊದಲ ವಾರ ಒಣಗಿದ ಕತ್ತಾಳೆ ದಿಂಡಿನ ಬೆಂಡು ಸೊಂಟಕ್ಕೆ ಕಟ್ಟಿ ಬಿಡುತ್ತಿದ್ದ. ಎರಡನೇ ವಾರ ಬೆಂಡು ಬಿಚ್ಚಿ, ಎತ್ತಿ ಎಸೆಯುತ್ತಿದ್ದ. ಎಸೆಯುವ ಮುಂಚೆ ತನ್ನ ಎಲೆ ಅಡಿಕೆ ಚೀಲ, ಸುಣ್ಣದ ಡಬ್ಬಿ ಎರಡನ್ನೂ ಯಾರಾದರೂ ಒಬ್ಬ ಹುಡುಗನ ಕೈಗೆ ಕೊಡಬೇಕಿತ್ತು. ನೆನೆಯಬಾರದಲ್ಲ. ಡಬ್ಬಿ ಹಿಡಿದವನು ಆ ದಿನ ಬಚಾವ್. ಅದಕ್ಕೇ ಮಾವ ದೂರದಲ್ಲಿ ಕಂಡ ಕೂಡಲೇ 'ಡಬ್ಬಿ ನಂಗೆ, ಡಬ್ಬಿ ನಂಗೆ' ಅಂತ ಜಗಳ. ನಾನು ಹದಿನೈದು ದಿನ ಡಬ್ಬಿ ಹಿಡಿದಿದ್ದೆ. ಹದಿನಾರನೇ ದಿನ ಮಾವ ಡಬ್ಬಿಯನ್ನು ಮೆಟ್ಟಿಲ ಮೇಲೆ ಇಟ್ಟ. ನನ್ನನ್ನು ನೋಡಿ ನಕ್ಕ. ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಮೂಗಿನೊಳಗೆ ನೀರು ನುಗ್ಗಿದ ಉರಿ ಮಾತ್ರ ಇನ್ನೂ ನೆನಪಿದೆ.

ಮನೆಯಲ್ಲಿ ಸುಳ್ಳು ಹೇಳುವ ಹಾಗಿರಲಿಲ್ಲ. ತಲೆ ಒಣಗಿಸಿಕೊಂಡು, ಚಡ್ಡಿ ಬಂಡೆ ಮೇಲೆ ಹಾಕಿ ಒಣಗಿಸಿ ಹೋದರೂ ಅಮ್ಮ ಹತ್ತಿರ ಕರೆದು ಮುಂಗೈ ಮೇಲೆ ಉಗುರಿನಿಂದ ಗೀರುತ್ತಿದ್ದಳು. ಬಿಳಿ ಗೆರೆ ಬಿತ್ತೋ, ಬೆನ್ನಿಗೆ ಬಿತ್ತು. ನಮ್ಮಕ್ಕನಿಗೆ ಮಾತ್ರ ಈ ಪರೀಕ್ಷೆ ಇರಲಿಲ್ಲ. ಹುಡುಗಿ ಈಜುತ್ತಾಳೆ ಅಂತ ಯಾರೂ ಅಂದುಕೊಂಡೇ ಇರಲಿಲ್ಲ. ಅವಳು ಬಟ್ಟೆ ಒಗೆಯುವ ನೆವದಲ್ಲಿ ಲಂಗ ಕಚ್ಚೆ ಕಟ್ಟಿ ಇಳಿದು ನನಗಿಂತ ಮೊದಲೇ ಕಲಿತಿದ್ದಳು.

ಹಳೇದೆಲ್ಲ ಬಂಗಾರ ಅಂತ ನಾನು ಹೇಳುತ್ತಿಲ್ಲ. ಒಂದು ಬೇಸಿಗೆ ನಮ್ಮ ಕ್ಲಾಸಿನ ಹುಡುಗ ಒಬ್ಬನೇ ಹೋಗಿದ್ದ. ವಾಪಸ್ ಬರಲಿಲ್ಲ. ಆವಾಗ ಬೋರ್ಡು ಬೇಕಿತ್ತು. ಆವಾಗ ಸಂಬಂಧಪಟ್ಟವರು ಇರಲಿಲ್ಲ.

ಹೊಂಡ ಒಂದೇ ದಿನ ಬತ್ತಲಿಲ್ಲ. ಗುಡ್ಡದಿಂದ ನೀರು ತರುತ್ತಿದ್ದ ಹಳ್ಳದ ಮೇಲೆ ಮೊದಲು ಒಂದು ಸೈಟು ಬಂತು. ಆಮೇಲೆ ಸೈಟಿನ ಪಕ್ಕ ಸೈಟು. ಈಗ ಅಲ್ಲಿ ಮೂರು ಅಡ್ಡರಸ್ತೆ ಇವೆ. ಹಳ್ಳ ಹರಿಯುತ್ತಿದ್ದ ಜಾಗದಲ್ಲಿ ಎದ್ದ ಮನೆಗಳ ಗೇಟಿನ ಮೇಲೆ 'ಗಂಗಾ ನಿಲಯ', 'ಕಾವೇರಿ ಕೃಪಾ' ಅಂತ ಗ್ರಾನೈಟಿನಲ್ಲಿ ಕೊರೆಸಿದ್ದಾರೆ. ಜೋರು ಮಳೆ ಬಂದರೆ ಗಂಗೆ ಹಳೇ ದಾರಿ ಹುಡುಕಿಕೊಂಡು ಗಂಗಾ ನಿಲಯದ ಹಾಲಿಗೇ ಬರುತ್ತಾಳೆ. ಆಗ ಅವರು ಮೊಬೈಲಿನಲ್ಲಿ ವಿಡಿಯೋ ಮಾಡಿ, ವ್ಯವಸ್ಥೆ ಸರಿಯಿಲ್ಲ ಅಂತ ಹಾಕುತ್ತಾರೆ.

ಹೊಂಡದಲ್ಲಿ ನೀರು ಪೂರ್ತಿ ಹೋದ ಮೇಲೆ ಅದರ ಅಭಿವೃದ್ಧಿ ಶುರುವಾಯಿತು. ಅದೂ ಸರಿಯೇ, ನೀರಿದ್ದರೆ ಕೆಲಸ ಮಾಡೋದು ಕಷ್ಟ ಅಲ್ವಾ? ಸುತ್ತ ಕಬ್ಬಿಣದ ಗ್ರಿಲ್ಲು. ಗ್ರಿಲ್ಲಿನ ಸುತ್ತ ಬಣ್ಣದ ಟೈಲ್ಸ್ ಹಾಕಿದ ವಾಕಿಂಗ್ ದಾರಿ. ಸಿಮೆಂಟಿನ ಬೆಂಚು. ಸಿಮೆಂಟಿನ ಎರಡು ಬಾತುಕೋಳಿ, ಪಾಪ, ಎರಡಕ್ಕೂ ಕೊಕ್ಕು ಹೋಗಿದೆ. ಒಂದು ಸೆಲ್ಫಿ ಪಾಯಿಂಟು. ಅಲ್ಲಿ ನಿಂತರೆ ಹಿಂದೆ ಹೊಂಡ ಕಾಣುವುದಿಲ್ಲ. ಫೋಟೋ ಚೆನ್ನಾಗಿ ಬರಲಿ ಅಂತ ಹಾಗೆ ಮಾಡಿರಬೇಕು.

ಉದ್ಘಾಟನೆಗೆ ನಾನೂ ಹೋಗಿದ್ದೆ. ಹಿಂದಿನ ರಾತ್ರಿ ಎರಡು ಟ್ಯಾಂಕರ್ ನೀರು ತಂದು ಹೊಂಡಕ್ಕೆ ಸುರಿದಿದ್ದರು. ಅರ್ಧ ನೆಲ ಕುಡಿಯಿತು. ಉಳಿದರ್ಧಕ್ಕೆ ಗಣ್ಯರು ಬಾಗಿನ ಅರ್ಪಿಸಿದರು. ತುಂಬಿದ ಕೆರೆಗೆ ಬಾಗಿನ ಕೊಡುವುದು ನೋಡಿದ್ದೆ. ಟ್ಯಾಂಕರಿಗೆ ಬಾಗಿನ ಕೊಟ್ಟಿದ್ದು ನೋಡಿದ್ದು ಅವತ್ತೇ. ಮೊರ ತೇಲಲಿಲ್ಲ. ಕೆಸರಿನಲ್ಲಿ ಗಟ್ಟಿಯಾಗಿ ಕೂತಿತು. ಫೋಟೋಗ್ರಾಫರ್ 'ಇನ್ನೊಂದ್ಸಲ ಬಿಡಿ ಸಾರ್' ಅಂದ. ಒಬ್ಬ ಹುಡುಗ ಪ್ಯಾಂಟು ಮಡಚಿ ಇಳಿದು, ಮೊರ ಎತ್ತಿ ತಂದುಕೊಟ್ಟ. ಅಭಿವೃದ್ಧಿಯಾದ ಮೇಲೆ ನಮ್ಮ ಹೊಂಡಕ್ಕೆ ಇಳಿದ ಮೊದಲ ಹುಡುಗ ಅವನೇ.

ಅಲ್ಲೊಂದು ಕಲ್ಲು ನೆಟ್ಟಿದ್ದಾರೆ. ಎಣಿಸಿದೆ, ಇಪ್ಪತ್ತಮೂರು ಹೆಸರು. ನನಗೆ ಚಂದ್ರವಳ್ಳಿ ನೆನಪಾಯಿತು. ಅಲ್ಲಿ ಭೈರವೇಶ್ವರ ಗುಡಿ ಹತ್ತಿರ ಬಂಡೆ ಮೇಲೆ ಕದಂಬರ ಮಯೂರಶರ್ಮನ ಪ್ರಾಕೃತ ಶಾಸನವಿದೆ. 4ನೇ ಶತಮಾನದ್ದು. ಕೆರೆ ಕಟ್ಟಿಸಿದ್ದನ್ನು ಹೇಳುವ ಚಿಕ್ಕ ಶಾಸನ. ಅವನೂ ಸುಮ್ನೆ ಬಿಟ್ಟಿಲ್ಲ. ಪಲ್ಲವರು, ಅಭೀರರು, ಪುನ್ನಾಟದವರು ಅಂತ ತಾನು ಗೆದ್ದವರ ಪಟ್ಟಿಯನ್ನು ಕೆರೆ ಕೆಲಸದ ಕಲ್ಲಿನಲ್ಲೇ ತುರುಕಿದ್ದಾನೆ. ಹಾಗಾಗಿ ಕೆರೆ ನೆಪದಲ್ಲಿ ಹೆಸರು ಕೊರೆಸುವುದು ನಮ್ಮ ಜಿಲ್ಲೆಗೆ ಹೊಸದಲ್ಲ, ಸಾವಿರದ ಆರುನೂರು ವರ್ಷ ದಾಟಿದ ಚಟ. ಆದರೆ ಆ ಪುಣ್ಯಾತ್ಮ ಕೆರೆಯನ್ನೂ ಕಟ್ಟಿಸಿದ್ದ.

ಓಬವ್ವನ ವಿಷಯ ಹೇಳದೆ ಚಿತ್ರದುರ್ಗದವನ ಬರಹ ಮುಗಿಯಬಾರದು ಅಂತ ಒಂದು ನಿಯಮವಿದೆ. ಗಂಡ ಊಟಕ್ಕೆ ಕೂತಾಗ ಆಕೆ ನೀರು ತರಲು ಹೋದಳು, ಕಿಂಡಿಯಲ್ಲಿ ಹೈದರನ ಸೈನಿಕರು ನುಸುಳುವುದು ಕಂಡಳು, ಒನಕೆ ಎತ್ತಿದಳು. ಕಿಂಡಿ ಹತ್ತಿರವೇ ತಣ್ಣೀರು ದೋಣಿ ಅನ್ನುವ ನೀರಿನ ತಾಣ ಇತ್ತಾದ್ದರಿಂದ ಕೋಟೆ ಉಳಿಯಿತು. ಈಗಾಗಿದ್ದರೆ ಓಬವ್ವ ಬೆಳಗ್ಗೆಯಿಂದ ಕೊಡ ಇಟ್ಟುಕೊಂಡು ಟ್ಯಾಂಕರ್ ಕ್ಯೂನಲ್ಲಿ ಇರುತ್ತಿದ್ದಳು. ಕಿಂಡಿಯಿಂದ ಬಂದ ಸೈನಿಕರೂ ಬಾಯಾರಿ ಅದೇ ಕ್ಯೂಗೆ ಸೇರುತ್ತಿದ್ದರು. ನಡುವೆ ನುಗ್ಗಿದ್ದಕ್ಕೆ ಒನಕೆ ಏಟು ಬೀಳುತ್ತಿತ್ತು ಅನ್ನೋದು ಬೇರೆ ಮಾತು.

ನಾವು ತಾಳ್ಮೆಯ ಜನ. 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ ಜಲಾಶಯ 1933ರಲ್ಲಿ ಕೋಡಿ ಬಿತ್ತು. ಮತ್ತೆ ಬಿದ್ದಿದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ ಕಾದೆವು. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಅಂದಾಗ ಪಟಾಕಿ ಹೊಡೆದು, ಕಾಯಲು ಮತ್ತೆ ಕೂತೆವು.

ಈ ನಡುವೆ ನನ್ನ ಮಗನಿಗೆ ಈಜು ಕಲಿಸಬೇಕಲ್ಲ. ದುಡ್ಡು ಕೊಟ್ಟು ಒಂದು ಈಜುಕೊಳಕ್ಕೆ ಸೇರಿಸಿದೆ. ತಲೆಗೆ ಟೋಪಿ ಕಡ್ಡಾಯ, ಕಣ್ಣಿಗೆ ಕನ್ನಡಕ ಕಡ್ಡಾಯ, ಅಪ್ಪ ಹೊರಗೆ ಕೂರೋದು ಕಡ್ಡಾಯ. ಬ್ಲೀಚಿಂಗ್ ಪೌಡರ್ ವಾಸನೆಗೆ ಮೈ ಗೀರುವುದೇ ಬೇಡ, ಬೀದಿಯ ತುದಿಯಲ್ಲೇ ಗೊತ್ತಾಗುತ್ತದೆ. ಕಾಲು ಬಡಿಯುವುದು ಕಲಿತ, ಉಸಿರು ಕಟ್ಟುವುದು ಕಲಿತ. ಇನ್ನೇನು ಕೈ ಬೀಸಬೇಕು, ಅಷ್ಟರಲ್ಲಿ ಗೇಟಿಗೆ ಚೀಟಿ ಅಂಟಿಸಿದರು. ನೀರಿನ ಅಭಾವದಿಂದ ಬೇಸಿಗೆ ಶಿಬಿರ ನಿಲ್ಲಿಸಲಾಗಿದೆ. ಮಗ ಈಗ ಅರ್ಧ ಈಜುತ್ತಾನೆ. ಯಾವ ಅರ್ಧ ಅಂತ ನೀರಿಗೆ ಬಿದ್ದಾಗ ಗೊತ್ತಾಗಬೇಕು.

ನನಗೆ ಭಯ ಇರುವುದೂ ಅಲ್ಲೇ. ಊರಾಚೆ ತೋಟಗಳಲ್ಲಿ ಈಗ ಕೃಷಿ ಹೊಂಡಗಳಿವೆ. 2014ರಲ್ಲಿ ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಜಾಸ್ತಿ ಆದವು. ಒಳ್ಳೆಯದೇ, ಬೆಳೆ ಉಳಿದಿದೆ. ಆದರೆ ಒಳಗೆಲ್ಲ ಪ್ಲಾಸ್ಟಿಕ್ ಹಾಳೆ. ಮೆಟ್ಟಿಲಿಲ್ಲ, ಹಿಡಿಯಲು ಕಲ್ಲಿಲ್ಲ. ಪಾಚಿ ಕಟ್ಟಿದ ಆ ಹಾಳೆಯ ಮೇಲೆ ಈಜು ಬರುವ ದೊಡ್ಡವರೂ ಹತ್ತಿ ಬರಲಾರರು. ಗುಡ್ಡದ ಹಿಂದೆ ಕೈಬಿಟ್ಟ ಕಲ್ಲು ಕ್ವಾರಿಗಳೂ ಇವೆ. ಅಲ್ಲಿ ನೀರು ಕಡು ಹಸಿರು, ಆಳ ಎಷ್ಟೋ ಯಾರೂ ಅಳೆದಿಲ್ಲ. ನಾನು ಬೈಕಿನಲ್ಲಿ ಒಂದು ಸುತ್ತು ಹೋಗಿ ನೋಡಿ ಬಂದೆ. ಮೂರು ಕೃಷಿ ಹೊಂಡ, ಎರಡು ಕ್ವಾರಿ. ಎಲ್ಲೂ ಒಂದು ಬೋರ್ಡಿಲ್ಲ, ತಂತಿಯಿಲ್ಲ. ನಮ್ಮ ಕಡೆ ಲೆಕ್ಕ ಹೀಗೆ: ನೀರಿರುವ ಕಡೆ ಬೋರ್ಡಿಲ್ಲ, ಬೋರ್ಡಿರುವ ಕಡೆ ನೀರಿಲ್ಲ.

ವಾಪಸ್ ಬರುವಾಗ ಒಂದು ಉಪಾಯ ಹೊಳೆಯಿತು. ಈ ಬೋರ್ಡನ್ನು ಕಿತ್ತು ಆ ಕ್ವಾರಿ ಹತ್ತಿರ ನೆಟ್ಟರೆ ಹೇಗೆ? ಕಂಬ ಅಲುಗಾಡಿಸಿ ನೋಡಿದೆ. ಕಾಂಕ್ರೀಟ್ ಹಾಕಿ ಗಟ್ಟಿ ಮಾಡಿದ್ದಾರೆ. ಆ ಹೊಂಡದಲ್ಲಿ ಗಟ್ಟಿ ಕೆಲಸ ಅಂತ ಆಗಿರುವುದು ಅದೊಂದೇ.

ಮೇಕೆ ಕಾಯುವ ತಾತ ಬೋರ್ಡಿನ ನೆರಳಿನಲ್ಲಿ ಕೂತಿದ್ದ. ಅಲುಗಾಡಿಸುವುದನ್ನು ನೋಡಿ, ನೆರಳು ಹೋಗುತ್ತದೆ ಅಂತ ಗಾಬರಿಯಾದನೋ ಏನೋ, ಎದ್ದು ಬಂದ.

'ಏನ್ ಬರ್ದೈತೆ ಅದ್ರಾಗೆ?' ಅಂದ.

'ನೀರು ಆಳವಾಗಿದೆ ಅಂತ ಬರೆದಿದ್ದಾರೆ ತಾತ.'

ನಗುತ್ತಾನೆ ಅಂದುಕೊಂಡೆ. ನಗಲಿಲ್ಲ. ಹೊಂಡದ ಕಡೆ ಒಮ್ಮೆ ನೋಡಿದ, ನನ್ನ ಕಡೆ ನೋಡಿದ.

'ಸುಳ್ಳೇನ್ ಬರ್ದಿಲ್ಲ ಬಿಡಪ್ಪ. ನಮ್ಮ ಹೊಲದಾಗೆ ಸಾವಿರ ಅಡಿ ಕೊರೆಸಿದ್ವಿ. ಇನ್ನೂ ಆಳಕ್ಕೈತೆ' ಅಂದು, ಮೇಕೆ ಹೊಡೆದುಕೊಂಡು ಹೊಂಡದೊಳಕ್ಕೆ ಇಳಿದ.